ಕೇಪ್ ಬ್ರೆಟನ್ ದ್ವೀಪದಲ್ಲಿ ಎಲೆ ಕೆಂಪಾಗುವ ಕಾಲ

ಕೇಳುಗರೆಲ್ಲರಿಗೂ ನಮಸ್ಕಾರ.

ಕೆನಡಾ ದೇಶದ ಪೂರ್ವ ಅಂಚಿನಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಎದುರಾಗಿ ನಿಂತಿರುವ ನೋವಾ ಸ್ಕೋಷಿಯಾ ಪ್ರಾಂತ್ಯದ ಉತ್ತರ ಭಾಗವೇ ಕೇಪ್ ಬ್ರೆಟನ್ ದ್ವೀಪ. ಸೆಪ್ಟೆಂಬರ್ ತಿಂಗಳ ಕೊನೆಯಿಂದ ಅಕ್ಟೋಬರ್ ಮೂರನೆಯ ವಾರದವರೆಗೆ ಇಲ್ಲಿನ ಬೆಟ್ಟಗಳ ಇಳಿಜಾರಿನಲ್ಲಿ ಮೇಪಲ್, ಬರ್ಚ್ ಮತ್ತು ಬೀಚ್ ಮರಗಳ ಎಲೆಗಳು ಕೆಂಪು, ಕಿತ್ತಳೆ, ಹಳದಿ ಬಣ್ಣಗಳಿಗೆ ತಿರುಗುತ್ತವೆ. ಅದನ್ನು ನೋಡುವುದಕ್ಕೆಂದೇ ಹ್ಯಾಲಿಫ್ಯಾಕ್ಸ್ ನಗರದಿಂದ ಮಾರ್ಗದರ್ಶಿಗಳನ್ನು ಕೂರಿಸಿಕೊಂಡ ಪ್ರವಾಸಿ ಬಸ್ಸುಗಳು ಹೊರಡುತ್ತವೆ. ಅಂಥದೊಂದು ಬಸ್ಸಿನಲ್ಲಿ ಕುಳಿತು ಏನನ್ನು ನೋಡಬಹುದು, ಏನನ್ನು ನೋಡಲೇಬೇಕು ಎಂಬುದನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ಗುಂಪು ಪ್ರವಾಸವೆಂದರೆ ಮೂಗು ಮುರಿಯುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಬೆಳಿಗ್ಗೆ ಎಂಟಕ್ಕೆ ಪೆಟ್ಟಿಗೆ ಹೊರಗಿಡಬೇಕು, ಹೇಳಿದ ಸಮಯಕ್ಕೆ ಹತ್ತಬೇಕು, ಇಳಿ ಎಂದಾಗ ಇಳಿಯಬೇಕು ಎಂಬ ಶಿಸ್ತು ಎಲ್ಲರಿಗೂ ಹಿಡಿಸುವುದಿಲ್ಲ. ಆದರೆ ಈ ದ್ವೀಪದ ಮಟ್ಟಿಗೆ ನನ್ನ ಮತ ಬಸ್ಸಿಗೇ. ದ್ವೀಪದ ಉತ್ತರಾರ್ಧವನ್ನು ಸುತ್ತುವ ಕ್ಯಾಬಟ್ ಟ್ರೇಲ್ ಎಂಬ ರಸ್ತೆ 298 ಕಿಲೋಮೀಟರ್ ಉದ್ದವಿದ್ದು, ಕಡಲ ಮಟ್ಟದಿಂದ ನೇರವಾಗಿ ಬೆಟ್ಟದ ನೆತ್ತಿಗೇರಿ ಮತ್ತೆ ಕಡಲಿಗೆ ಧುಮುಕುವ ತಿರುವುಗಳಿಂದ ತುಂಬಿದೆ. ಕಾರು ಓಡಿಸುವವನ ಕಣ್ಣು ತಿರುವಿನ ಮೇಲಿರಬೇಕಾದ್ದರಿಂದ ಅವನಿಗೆ ಕಾಣುವುದು ಡಾಂಬರು ಮಾತ್ರ. ಎತ್ತರದ ಆಸನ, ಅಗಲವಾದ ಗಾಜು, ಜೊತೆಗೆ ಆ ನೆಲವನ್ನು ಬಲ್ಲವರೊಬ್ಬರ ಮಾತು, ಇವು ಮೂರೂ ಒಟ್ಟಿಗೆ ಸಿಗುವುದು ಬಸ್ಸಿನಲ್ಲೇ. ನಾನಿದ್ದ ಬಸ್ಸಿನ ಮಾರ್ಗದರ್ಶಿ ಅದೇ ದ್ವೀಪದಲ್ಲಿ ಹುಟ್ಟಿ ಬೆಳೆದ ಮಹಿಳೆ. ಅವರ ಅಜ್ಜ ಮತ್ತು ತಂದೆ ಇಬ್ಬರೂ ಕಲ್ಲಿದ್ದಲ ಗಣಿಯಲ್ಲಿ ದುಡಿದವರು. ಎಲೆಗಳ ಬಗ್ಗೆ ಅವರು ಹೇಳಿದ್ದಕ್ಕಿಂತ ಮನುಷ್ಯರ ಬಗ್ಗೆ ಹೇಳಿದ್ದೇ ಹೆಚ್ಚು.

ಹ್ಯಾಲಿಫ್ಯಾಕ್ಸ್‌ನಿಂದ ಸುಮಾರು ಮೂರು ಗಂಟೆ ಸಾಗಿದ ಮೇಲೆ ಕ್ಯಾನ್ಸೊ ಜಲಸಂಧಿ ಎದುರಾಗುತ್ತದೆ. ಅದನ್ನು ದಾಟಲು ಇರುವುದು ಸೇತುವೆಯಲ್ಲ, ಕಡಲಿಗೆ ಬಂಡೆ ಸುರಿದು ಕಟ್ಟಿದ 1,385 ಮೀಟರ್ ಉದ್ದದ ಏರಿ. ಪಕ್ಕದ ಬೆಟ್ಟವನ್ನು ಒಡೆದು ತೆಗೆದ ಸುಮಾರು ಒಂದು ಕೋಟಿ ಟನ್ ಕಲ್ಲನ್ನು ಇದಕ್ಕಾಗಿ ನೀರಿಗೆ ಹಾಕಿದರು. 1955ರಲ್ಲಿ ಏರಿ ಸಂಚಾರಕ್ಕೆ ತೆರೆಯಿತು. ಅಲ್ಲಿಯವರೆಗೆ ದೋಣಿಯೇ ಗತಿಯಾಗಿತ್ತು. ಬಸ್ಸು ಇದನ್ನು ದಾಟಲು ಎರಡು ನಿಮಿಷ ಸಾಕು.

ಸಾಮಾನ್ಯವಾಗಿ ಪ್ರವಾಸಿಗಳು ತಂಗುವುದು ಬ್ಯಾಡೆಕ್ ಎಂಬ ಸಣ್ಣ ಊರಿನಲ್ಲಿ. ಅಲ್ಲಿಂದ ಬೆಳಿಗ್ಗೆ ಹೊರಟ ಬಸ್ಸು ಗಡಿಯಾರದ ಮುಳ್ಳು ಸುತ್ತುವ ದಿಕ್ಕಿನಲ್ಲಿ ಹೋಗುತ್ತದೆಯೇ ಎಂಬುದನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಕೆನಡಾದಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಚಲಿಸುವುದರಿಂದ, ಆ ದಿಕ್ಕಿನಲ್ಲಿ ಹೊರಟ ಬಸ್ಸು ಬೆಟ್ಟದ ಮಗ್ಗುಲನ್ನು ಹಿಡಿದು ಸಾಗುತ್ತದೆ, ಕಡಲು ಎಡಗಡೆಗೆ ಬರುತ್ತದೆ. ಪ್ರಪಾತ ಕಂಡರೆ ಎದೆ ನಡುಗುವವರಿಗೆ ಇದು ಹಿತ. ಬಿರಿದ ಕಡಲನ್ನೇ ನೋಡಬೇಕೆನ್ನುವವರು ಎಡಗಡೆಯ ಆಸನ ಹಿಡಿಯಬೇಕು. ಬಹಳಷ್ಟು ತಂಡಗಳಲ್ಲಿ ದಿನಕ್ಕೊಮ್ಮೆ ಆಸನ ಬದಲಿಸುವ ಪದ್ಧತಿ ಇರುವುದರಿಂದ ಇದಕ್ಕಾಗಿ ಜಗಳವಾಡುವ ಪ್ರಸಂಗ ಬಾರದು, ಬರುವುದೂ ಉಂಟು.

ಎಲೆಗಳ ವಿಚಾರವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹಗಲು ಕುಗ್ಗಿ ಚಳಿ ಹೆಚ್ಚಿದಂತೆ ಮರವು ಎಲೆಯ ಹಸಿರು ದ್ರವ್ಯವನ್ನು ಹೊಸದಾಗಿ ತಯಾರಿಸುವುದನ್ನು ನಿಲ್ಲಿಸುತ್ತದೆ. ಹಸಿರು ಕರಗಿದಾಗ, ಬೇಸಗೆಯುದ್ದಕ್ಕೂ ಅದರಡಿಯಲ್ಲಿ ಅಡಗಿದ್ದ ಹಳದಿ ಮೇಲೆ ಬರುತ್ತದೆ. ಬರ್ಚ್ ಮರದ ಹೊನ್ನಿನ ಬಣ್ಣ ಹೀಗೆ ಬಂದದ್ದು. ಮೇಪಲ್ ಮರದ ಕೆಂಪಿನ ರೀತಿಯೇ ಬೇರೆ. ಎಲೆಯಲ್ಲಿ ಉಳಿದುಕೊಂಡ ಸಕ್ಕರೆಯಿಂದ ಆ ಕೆಲವೇ ವಾರಗಳಲ್ಲಿ ಅದು ಹೊಸದಾಗಿ ತಯಾರಾಗುತ್ತದೆ. ಹಗಲು ಬಿಸಿಲು, ರಾತ್ರಿ ಮಂಜುಗಟ್ಟದಷ್ಟು ಚಳಿ ಇದ್ದ ವರ್ಷ ಕೆಂಪು ಗಾಢವಾಗುತ್ತದೆ. ಮೋಡ ಕವಿದು ಗಾಳಿಮಳೆ ಬಂದರೆ ಬಣ್ಣ ಏರುವ ಮೊದಲೇ ಎಲೆ ಉದುರುತ್ತದೆ. ಕೆರಿಬಿಯನ್ ಕಡೆಯಿಂದ ಮೇಲೇರುವ ಚಂಡಮಾರುತಗಳ ಬಾಲ ಈ ದ್ವೀಪವನ್ನು ತಟ್ಟುವುದೂ ಇದೇ ತಿಂಗಳುಗಳಲ್ಲಿ. 2022ರ ಸೆಪ್ಟೆಂಬರ್ 24ರಂದು ಅಪ್ಪಳಿಸಿದ ಫಿಯೋನಾ ಅಪಾರ ಸಂಖ್ಯೆಯ ಮರಗಳನ್ನು ಉರುಳಿಸಿತು. ಆದ್ದರಿಂದ ಇಂಥ ದಿನವೇ ಬಣ್ಣ ತುಂಬಿರುತ್ತದೆ ಎಂದು ಭರವಸೆ ಕೊಡುವ ಪ್ರವಾಸ ಸಂಸ್ಥೆಯನ್ನು ನಾನಾದರೆ ನಂಬುವುದಿಲ್ಲ.

ಪಶ್ಚಿಮ ಕರಾವಳಿಯಲ್ಲಿ ಮೊದಲು ಸಿಗುವ ದೊಡ್ಡ ಊರು ಷೆಟಿಕ್ಯಾಂಪ್. ಇಲ್ಲಿ ಮನೆಗಳ ಮುಂದೆ ಹಾರುವುದು ಮೂರು ಬಣ್ಣಗಳ ಮೇಲೆ ಒಂದು ನಕ್ಷತ್ರವಿರುವ ಬಾವುಟ. ಇವರು ಅಕೇಡಿಯನ್ನರು, ಅಂದರೆ ಈ ಪ್ರದೇಶಕ್ಕೆ ಮೊದಲು ಬಂದು ನೆಲೆಸಿದ ಫ್ರೆಂಚ್ ರೈತರ ಸಂತತಿಯವರು. 1755ರಲ್ಲಿ ಬ್ರಿಟಿಷರು ಇವರನ್ನು ಮನೆಮಠಗಳಿಂದ ಎಬ್ಬಿಸಿ ಹಡಗುಗಳಲ್ಲಿ ತುಂಬಿ ದಿಕ್ಕುದಿಕ್ಕಿಗೆ ಗಡೀಪಾರು ಮಾಡತೊಡಗಿದರು. ಹಾಗೆ ಚದುರಿದವರಲ್ಲಿ ಕೆಲವು ಕುಟುಂಬಗಳು ಮುಂದಿನ ದಶಕಗಳಲ್ಲಿ ಈ ಬಡ ಕರಾವಳಿಗೆ ಬಂದು ಮೀನು ಹಿಡಿದು ಬದುಕಿದವು. ಗೋಣಿ ಬಟ್ಟೆಗೆ ಕೊಕ್ಕೆಯಿಂದ ಉಣ್ಣೆಯ ಎಳೆಗಳನ್ನು ಎತ್ತಿ ಚಿತ್ರ ಮೂಡಿಸುವ ಇಲ್ಲಿನ ಹೆಂಗಸರ ಕಂಬಳಿ ಕಸುಬು ಪ್ರಸಿದ್ಧವಾದದ್ದು. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಎಲಿಜಬೆತ್ ಲೆಫೋರ್ ಎಂಬಾಕೆ ನೇಯ್ದ ಭಾವಚಿತ್ರಗಳನ್ನು ಹತ್ತಿರ ನಿಂತು ನೋಡಿದರೆ, ಒಂದು ಕೆನ್ನೆಯ ನೆರಳಿಗೆ ಎಷ್ಟು ಬಗೆಯ ಕಂದು ಉಣ್ಣೆ ಬೇಕಾಯಿತೆಂಬುದು ಕಾಣುತ್ತದೆ. ಎರಡು ಮಾರು ಹಿಂದೆ ಸರಿದರೆ ಅದು ಬಣ್ಣದ ಚಿತ್ರವೇ.

ಷೆಟಿಕ್ಯಾಂಪ್ ದಾಟಿದೊಡನೆ 1936ರಲ್ಲಿ ಸ್ಥಾಪನೆಯಾದ ಹೈಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನ ಆರಂಭವಾಗುತ್ತದೆ. ಎತ್ತರದ ಲೆಕ್ಕದಲ್ಲಿ ಇವು ದೊಡ್ಡ ಬೆಟ್ಟಗಳಲ್ಲ. ಇಡೀ ಪ್ರಾಂತ್ಯದ ಅತಿ ಎತ್ತರದ ಶಿಖರವೂ 530 ಮೀಟರಿನ ಆಸುಪಾಸಿನದು. ಚಾರ್ಮಾಡಿ ಘಾಟಿ ಹತ್ತಿಳಿದ ನಮ್ಮವರಿಗೆ ಇದೇನು ಮಹಾ ಅನ್ನಿಸಬಹುದು. ಆದರೆ ಇಲ್ಲಿ ಬೆಟ್ಟದ ಬುಡವನ್ನೇ ಕಡಲು ಬಡಿಯುತ್ತಿರುವುದರಿಂದ ಆ ಎತ್ತರವಷ್ಟೂ ಒಂದೇ ನೋಟಕ್ಕೆ ಕಣ್ಣಿಗೆ ಬೀಳುತ್ತದೆ. ಮೇಲೇರಿದಾಗ ಮತ್ತೊಂದು ಆಶ್ಚರ್ಯ ಕಾದಿರುತ್ತದೆ: ಬಣ್ಣವೇ ಇಲ್ಲವಾಗುತ್ತದೆ. ಪ್ರಸ್ಥಭೂಮಿಯ ಮೇಲಿರುವುದು ಎಲೆ ಉದುರಿಸದ ಫರ್ ಮತ್ತು ಸ್ಪ್ರೂಸ್ ಮರಗಳು, ಹಲವೆಡೆ ಅವೂ ಇಲ್ಲದ ಬರಿಯ ಹುಲ್ಲುಗಾವಲು. 1970ರ ದಶಕದಲ್ಲಿ ಒಂದು ಜಾತಿಯ ಹುಳು ಫರ್ ಕಾಡನ್ನು ತಿಂದು ಹಾಕಿತು. ಮತ್ತೆ ಚಿಗುರಿದ ಸಸಿಗಳನ್ನು ಮೂಸ್ ಎಂಬ ದೈತ್ಯ ಜಿಂಕೆಗಳು ಮೇಯ್ದವು. ಇಲ್ಲಿಯ ಮೂಲ ಮೂಸ್ ಸಂತತಿ ಅಳಿದುಹೋಗಿದ್ದರಿಂದ 1940ರ ದಶಕದ ಕೊನೆಯಲ್ಲಿ ಆಲ್ಬರ್ಟಾದಿಂದ ಕೆಲವನ್ನು ತಂದು ಬಿಟ್ಟಿದ್ದರು. ತೋಳಗಳಿಲ್ಲದ ದ್ವೀಪದಲ್ಲಿ ಅವು ಮಿತಿಮೀರಿ ಹೆಚ್ಚಿದವು. ಈಗ ಕಾಡನ್ನು ಕಾಪಾಡಲು ಉದ್ಯಾನದವರು ಕೆಲವೆಡೆ ಬೇಲಿ ಹಾಕಿ ಮೂಸ್‌ಗಳನ್ನು ಹೊರಗಿಟ್ಟು ಸಸಿ ಬೆಳೆಸುತ್ತಿದ್ದಾರೆ. ರಸ್ತೆ ಬದಿಯಲ್ಲಿ ಮೂಸ್ ಕಂಡಾಗ ಬಸ್ಸಿನವರೆಲ್ಲ ಒಂದೇ ಕಡೆಗೆ ನುಗ್ಗುವ ಗಡಿಬಿಡಿಯಲ್ಲಿ ಈ ಕಥೆ ಯಾರಿಗೂ ನೆನಪಿರುವುದಿಲ್ಲ.

ಬೆಟ್ಟದ ಆಚೆ ಕಣಿವೆಗೆ ಇಳಿದಾಗ ಲೋನ್ ಶೀಲಿಂಗ್ ಎಂಬಲ್ಲಿ ಬಸ್ಸು ನಿಂತರೆ ದಯವಿಟ್ಟು ಇಳಿಯಿರಿ. ಹತ್ತು ನಿಮಿಷದ ಕಾಲುದಾರಿ ಅದು. ಸ್ಕಾಟ್ಲೆಂಡಿನ ದನಗಾಹಿಗಳ ಕಲ್ಲಿನ ಗುಡಿಸಲಿನ ಮಾದರಿಯೊಂದು ಅಲ್ಲಿದೆ. ಅದರ ಸುತ್ತ 350 ವರ್ಷದಷ್ಟು ಹಳೆಯ ಸಕ್ಕರೆ ಮೇಪಲ್ ಮರಗಳಿವೆ. ದೂರದ ಇಳಿಜಾರಿನಲ್ಲಿ ಒಂದೇ ಬಣ್ಣವಾಗಿ ಕಂಡದ್ದು ಇಲ್ಲಿ ಬಿಡಿ ಎಲೆಗಳಾಗಿ ಕಾಲಡಿಗೆ ಬರುತ್ತದೆ: ನರಗಳ ಬಳಿ ಇನ್ನೂ ಹಸಿರು, ಅಂಚಿಗೆ ಕಿತ್ತಳೆ, ತುದಿಯಲ್ಲಿ ಸುಟ್ಟ ಕಂದು. ಆ ಗುಡಿಸಲು ಅಲ್ಲಿರುವುದಕ್ಕೂ ಕಾರಣವಿದೆ. ಹದಿನೆಂಟನೆಯ ಶತಮಾನದ ಕೊನೆಯಿಂದ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ, ಜಮೀನುದಾರರು ಕುರಿ ಸಾಕಣೆಗಾಗಿ ಗೇಣಿದಾರರನ್ನು ಒಕ್ಕಲೆಬ್ಬಿಸಿದಾಗ, ಸ್ಕಾಟ್ಲೆಂಡಿನ ಮಲೆನಾಡಿನಿಂದ ಸಾವಿರಾರು ಜನ ಈ ದ್ವೀಪಕ್ಕೆ ಬಂದರು. ಅವರ ಗೇಲಿಕ್ ಭಾಷೆ, ಪಿಟೀಲು, ಕುಣಿತ ಇಂದಿಗೂ ಇಲ್ಲಿ ಉಳಿದಿವೆ. 1997ರಿಂದ ಪ್ರತಿ ಅಕ್ಟೋಬರ್‌ನಲ್ಲಿ ಒಂಬತ್ತು ದಿನ ನಡೆಯುವ ಸೆಲ್ಟಿಕ್ ಕಲರ್ಸ್ ಉತ್ಸವದಲ್ಲಿ ಹಳ್ಳಿಯ ಸಮುದಾಯ ಭವನಗಳು, ಚರ್ಚುಗಳು, ಶಾಲೆಗಳೇ ಸಂಗೀತದ ವೇದಿಕೆಗಳು. ಇವರೆಲ್ಲರಿಗಿಂತ ಮೊದಲಿನಿಂದ ಇಲ್ಲಿರುವ ಮಿಕ್‌ಮಾಕ್ ಜನರಿಗೆ ಈ ದ್ವೀಪ ಉನಮಾಕಿ. ಬ್ರಾಡೋರ್ ಎಂಬ ಒಳನಾಡಿನ ಉಪ್ಪುಸರೋವರದ ದಂಡೆಯಲ್ಲಿ ಅವರ ಊರುಗಳಿವೆ. ಅವರ ಮಾತನ್ನು ಅವರ ಬಾಯಿಂದಲೇ ಕೇಳಿಸುವ ಪ್ರವಾಸಗಳು ಕಡಿಮೆಯೆಂಬುದು ಕೊರತೆಯೇ ಸರಿ.

ಬ್ಯಾಡೆಕ್‌ನಲ್ಲಿ ದೂರವಾಣಿ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ವಸ್ತುಸಂಗ್ರಹಾಲಯವಿದೆ. ಬೆಲ್ ಬೇಸಗೆಗಳನ್ನು ಕಳೆದದ್ದು, 1922ರಲ್ಲಿ ತೀರಿಕೊಂಡದ್ದು, ಮಣ್ಣಾದದ್ದು ಎಲ್ಲವೂ ಇಲ್ಲಿಯೇ. ಅವರ ತಂಡ ಕಟ್ಟಿದ ಸಿಲ್ವರ್ ಡಾರ್ಟ್ ವಿಮಾನ 1909ರ ಫೆಬ್ರವರಿ 23ರಂದು ಹೆಪ್ಪುಗಟ್ಟಿದ ಸರೋವರದ ಮೇಲಿನಿಂದ ಹಾರಿತು; ಕೆನಡಾದ ಮೊದಲ ವಿಮಾನ ಹಾರಾಟ ಅದು. ಇಲ್ಲಿಗೆ ಒಂದೂವರೆ ಗಂಟೆ ಸಾಕು.

ಲೂಯಿಸ್‌ಬರ್ಗ್ ಕೋಟೆಗೆ ಮಾತ್ರ ಅರ್ಧ ದಿನವಾದರೂ ಬೇಕು, ಅದರಲ್ಲೂ ದಕ್ಷಿಣ ಭಾರತದವರಿಗೆ. 1713ರಲ್ಲಿ ಫ್ರೆಂಚರು ನೆಲೆಯೂರಿ ಕಟ್ಟಿದ ಈ ಕೋಟೆಯನ್ನು 1745ರಲ್ಲಿ ಅಮೆರಿಕದ ಬ್ರಿಟಿಷ್ ವಸಾಹತುಗಳಾಗಿದ್ದ ನ್ಯೂ ಇಂಗ್ಲೆಂಡಿನ ಪಡೆಗಳು ಬ್ರಿಟಿಷ್ ನೌಕಾಪಡೆಯ ನೆರವಿನಿಂದ ಗೆದ್ದವು. ಮರುವರ್ಷ, ಇತ್ತ ನಮ್ಮ ಕಡೆ, ನಮ್ಮ ಪಠ್ಯಪುಸ್ತಕಗಳಲ್ಲಿ ಮೊದಲನೆಯ ಕರ್ನಾಟಿಕ್ ಯುದ್ಧವೆಂದು ಓದಿದ ಕದನದಲ್ಲಿ, ಫ್ರೆಂಚರು ಬ್ರಿಟಿಷರಿಂದ ಮದರಾಸನ್ನು ಕಿತ್ತುಕೊಂಡರು. 1748ರ ಎಕ್ಸ್ ಲಾ ಶಪೆಲ್ ಒಪ್ಪಂದದಲ್ಲಿ ಎರಡೂ ಕಡೆಯವರು ಗೆದ್ದದ್ದನ್ನು ಹಿಂದಿರುಗಿಸಿದರು: ಲೂಯಿಸ್‌ಬರ್ಗ್ ಫ್ರಾನ್ಸಿಗೆ, ಮದರಾಸು ಬ್ರಿಟನ್ನಿಗೆ. ರಕ್ತ ಸುರಿಸಿ ಕೋಟೆ ಗೆದ್ದ ನ್ಯೂ ಇಂಗ್ಲೆಂಡಿನವರಿಗೆ, ಕಂಡುಕೇಳದ ಕೋರಮಂಡಲದ ಒಂದು ಪಟ್ಟಣಕ್ಕಾಗಿ ಅದನ್ನು ಬಿಟ್ಟುಕೊಟ್ಟದ್ದು ನುಂಗಲಾರದ ತುತ್ತಾಯಿತು. ಮದರಾಸಿನವರನ್ನಂತೂ ಯಾರೂ ಕೇಳಿರಲಿಲ್ಲ. ಹತ್ತು ವರ್ಷದ ಮೇಲೆ, 1758ರಲ್ಲಿ, ಬ್ರಿಟಿಷರು ಕೋಟೆಯನ್ನು ಮತ್ತೆ ಹಿಡಿದು, 1760ರಲ್ಲಿ ಸಿಡಿಮದ್ದಿಟ್ಟು ನೆಲಸಮ ಮಾಡಿದರು.

ಇಂದು ಕಾಣುವುದು 1961ರಿಂದ ಮರುಕಟ್ಟಿದ ಭಾಗ. ಹಳೆಯ ಪಟ್ಟಣದ ನಾಲ್ಕನೆಯ ಒಂದು ಪಾಲು. ಹೊಸದಾಗಿ ಕಟ್ಟಿದ ಹಳೆಯದು ಎಂದು ಹಗುರವಾಗಿ ಮಾತನಾಡುವವರಿಗೆ ಒಂದು ವಿಷಯ ತಿಳಿದಿರಲಿ. ಆ ದಶಕದಲ್ಲಿ ದ್ವೀಪದ ಕಲ್ಲಿದ್ದಲ ಗಣಿಗಳು ಮುಚ್ಚತೊಡಗಿದ್ದವು; ಕೆಲಸ ಕಳೆದುಕೊಂಡ ಗಣಿ ಕಾರ್ಮಿಕರಿಗೆ ಕಲ್ಲುಕುಟಿಗರ, ಬಡಗಿಗಳ ಹಳೆಯ ಕಸುಬು ಕಲಿಸಿ ಅವರ ಕೈಯಿಂದಲೇ ಈ ಕೋಟೆಯನ್ನು ಎಬ್ಬಿಸಿದರು. ನಮ್ಮ ಮಾರ್ಗದರ್ಶಿ ಕೋಟೆಯ ಬಾಗಿಲಲ್ಲಿ ಮೊದಲು ಹೇಳಿದ್ದು ಇದನ್ನೇ, ರಾಜರ ಹೆಸರುಗಳು ಆಮೇಲೆ ಬಂದವು.

ಆ ಗಣಿಗಳನ್ನು ನೋಡಬೇಕಾದರೆ ಗ್ಲೇಸ್ ಬೇ ಊರಿನ ಗಣಿ ಕಾರ್ಮಿಕರ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಶಿರಸ್ತ್ರಾಣ ತೊಡಿಸಿ, ಹೆಗಲಿಗೊಂದು ಮೇಲಂಗಿ ಹೊದಿಸಿ, ನೆಲದಡಿಯ ಸುರಂಗಕ್ಕೆ ಕರೆದೊಯ್ಯುತ್ತಾರೆ. ಕರೆದೊಯ್ಯುವವರು ಒಂದು ಕಾಲಕ್ಕೆ ತಾವೇ ಗಣಿಯಲ್ಲಿ ದುಡಿದವರು. ಕೆಲವೆಡೆ ಚಾವಣಿ ಎಷ್ಟು ತಗ್ಗೆಂದರೆ ಸೊಂಟ ಬಾಗಿಸಿಯೇ ನಡೆಯಬೇಕು. ಐದು ನಿಮಿಷದಲ್ಲಿ ಬೆನ್ನು ಹಿಡಿದುಕೊಳ್ಳುತ್ತದೆ. ಈ ಭಾಗದ ಗಣಿಗಳು ಕಡಲ ತಳದಡಿಯಲ್ಲಿ ಹಲವು ಕಿಲೋಮೀಟರ್ ದೂರ ಚಾಚಿದ್ದವು. 1925ರ ಮುಷ್ಕರದಲ್ಲಿ ಗಣಿ ಕಂಪನಿ ನ್ಯೂ ವಾಟರ್‌ಫರ್ಡ್ ಊರಿಗೆ ನೀರು, ವಿದ್ಯುತ್ತು ಎರಡನ್ನೂ ಕಡಿದು ಹಾಕಿತು. ಜೂನ್ 11ರಂದು ಕಂಪನಿಯ ಪೊಲೀಸರು ಹಾರಿಸಿದ ಗುಂಡಿಗೆ ವಿಲಿಯಂ ಡೇವಿಸ್ ಎಂಬ ಕಾರ್ಮಿಕ ಬಲಿಯಾದ. ಆ ದಿನವನ್ನು ಇಂದಿಗೂ ಅಲ್ಲಿ ಆಚರಿಸುತ್ತಾರೆ. ಮುಂದೆ ಗಣಿಗಳನ್ನು ವಹಿಸಿಕೊಂಡ ಸರ್ಕಾರಿ ನಿಗಮದ ಕೊನೆಯ ಗಣಿ 2001ರಲ್ಲಿ ಮುಚ್ಚಿತು.

ಇದೇ ಗ್ಲೇಸ್ ಬೇ ಊರಿನಿಂದ 1902ರ ಡಿಸೆಂಬರ್‌ನಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರದಾಚೆಗೆ ನಿಸ್ತಂತು ಸಂದೇಶ ಕಳುಹಿಸಿದ. ಬಾನುಲಿಯಲ್ಲಿ ಮಾತನಾಡುತ್ತಿರುವ ನಾನು ಅದನ್ನು ಹೇಳದೆ ಹೋದರೆ ಋಣ ಉಳಿದೀತು.

ಹೋಗಬೇಕೆನ್ನುವವರಿಗೆ, ಅಥವಾ ಟೊರಾಂಟೊ ಕಡೆ ಮಕ್ಕಳ ಮನೆಗೆ ಹೋದಾಗ ಒಂದು ವಾರ ಬಿಡುವು ಮಾಡಿಕೊಳ್ಳಬಲ್ಲ ಹಿರಿಯರಿಗೆ, ಒಂದೆರಡು ಮಾತು. ಅಕ್ಟೋಬರ್ ಎರಡನೆಯ ಸೋಮವಾರ ಕೆನಡಾದಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜೆ. ಬಣ್ಣ, ಉತ್ಸವ, ರಜೆ ಮೂರೂ ಕೂಡುವ ಆ ವಾರಕ್ಕೆ ಕೋಣೆಗಳು ತಿಂಗಳುಗಟ್ಟಲೆ ಮೊದಲೇ ತುಂಬಿರುತ್ತವೆ. ಹಗಲಿನಲ್ಲೂ ಹನ್ನೆರಡು ಡಿಗ್ರಿಯ ಚಳಿ, ಕಡಲ ಗಾಳಿ ಬೇರೆ. ಮಳೆಯಂಗಿಯೂ ಬೆಚ್ಚನೆಯ ಅಂಗಿಯೂ ಜೊತೆಗಿರಬೇಕು. ಸಂಜೆ ಆರೂವರೆಗೆ ಹೊತ್ತು ಮುಳುಗುತ್ತದೆ. ಊಟವೆಂದರೆ ಅಲ್ಲಿ ಮೀನು, ಸಿಗಡಿ, ಏಡಿ. ಸಸ್ಯಾಹಾರಿಗಳು ಕಾದಿರಿಸುವಾಗಲೇ ಹೇಳಿಡಬೇಕು. ಇದೇ ದ್ವೀಪದ ಸಿಡ್ನಿ ನಗರದ ವಿಶ್ವವಿದ್ಯಾನಿಲಯಕ್ಕೆ ಭಾರತದ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿ ಬಂದಿರುವುದರಿಂದ ಅಲ್ಲಿ ಮಾತ್ರ ನಮ್ಮ ಅನ್ನ ಸಾರಿಗೆ ಹತ್ತಿರವಾದದ್ದು ಸಿಕ್ಕೀತು. ಪ್ರವಾಸದ ಕರಪತ್ರ ಕೈಗೆ ಬಂದಾಗ ಚಿತ್ರಗಳನ್ನು ಬದಿಗಿಟ್ಟು ದಿನಚರಿಯನ್ನು ಓದಿ. ಲೂಯಿಸ್‌ಬರ್ಗ್‌ಗೂ ಗ್ಲೇಸ್ ಬೇ ಗಣಿಗೂ ಅದರಲ್ಲಿ ಜಾಗವಿಲ್ಲದೆ, ಉಡುಗೊರೆ ಅಂಗಡಿಗಳಿಗೆ ಎರಡೆರಡು ನಿಲುಗಡೆ ಇದ್ದರೆ, ಇನ್ನೊಂದು ಸಂಸ್ಥೆಯನ್ನು ವಿಚಾರಿಸಿ. ನಮಸ್ಕಾರ.