ಅಮೆರಿಕದ ವಾರ್ಡಿನಲ್ಲಿ ನಮ್ಮ ಮೆಡಿಕಲ್ ವಿದ್ಯಾರ್ಥಿ

ನಮಸ್ಕಾರ ಕೇಳುಗರೇ. ಎಂ.ಬಿ.ಬಿ.ಎಸ್. ಓದುತ್ತಿರುವ ಮಗಳು 'ನಾಲ್ಕು ವಾರ ಅಮೆರಿಕದ ಆಸ್ಪತ್ರೆಯಲ್ಲಿ ಕೆಲಸ ಕಲಿತು ಬರ್ತೀನಿ' ಅಂದರೆ, ಅಪ್ಪ ಅಮ್ಮ ಕೇಳುವ ಮೊದಲ ಪ್ರಶ್ನೆ ಗೊತ್ತೇ ಇದೆ. ಅಷ್ಟು ದುಡ್ಡು ಸುರಿದು ಅಲ್ಲಿ ಕಲಿಯೋದೇನು? ಬೆಂಗಳೂರಿನ ವಿಕ್ಟೋರಿಯಾದಲ್ಲೋ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ರೋಗಿಗಳಿಗೆ ಬರವೇ?

ಬರ ಇಲ್ಲ, ನಿಜ. ಅಮೆರಿಕದಲ್ಲಿ ವಿದ್ಯಾರ್ಥಿಯ ಪಾಲಿಗೆ ಬರುವುದು ಎರಡೋ ಮೂರೋ ರೋಗಿಗಳು. ಆದರೆ ಆ ಮೂವರ ಬಗ್ಗೆ ಎಲ್ಲವೂ ಗೊತ್ತಿರಬೇಕು. ಬೆಳಗ್ಗೆ ಆರು, ಆರೂವರೆಗೇ ವಾರ್ಡಿಗೆ ಬರಬೇಕು. ರಾತ್ರಿ ಜ್ವರ ಬಂತಾ, ಮೂತ್ರ ಎಷ್ಟು ಹೋಯಿತು, ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆ, ಎಲ್ಲ ಕಂಪ್ಯೂಟರಿನಲ್ಲಿ ನೋಡಿಕೊಳ್ಳಬೇಕು. ಆಮೇಲೆ ರೋಗಿಯ ಕೋಣೆ. ಹೆಸರು ಹೇಳಿಕೊಂಡು, 'ನಾನು ವಿದ್ಯಾರ್ಥಿ, ಪರೀಕ್ಷೆ ಮಾಡಬಹುದಾ?' ಅಂತ ಕೇಳಬೇಕು. ಬೇಡ ಅಂದರೆ ಹೊರಗೆ ಬರಬೇಕು, ಅಷ್ಟೇ.

ನಂತರ ರೌಂಡ್ಸ್, ಅಂದರೆ ತಂಡವೆಲ್ಲ ಸೇರಿ ರೋಗಿಗಳನ್ನು ನೋಡುವುದು. ತಂಡದ ಹಿರಿಯ ಡಾಕ್ಟರನ್ನು ಅಲ್ಲಿ ಅಟೆಂಡಿಂಗ್ ಅನ್ನುತ್ತಾರೆ. ಅವರ ಮುಂದೆ ಪ್ರತಿ ರೋಗಿಯ ವಿಷಯವನ್ನು ಕೆಲವೇ ನಿಮಿಷದಲ್ಲಿ ಹೇಳಿ ಮುಗಿಸಬೇಕು. ನಮ್ಮ ಹುಡುಗರು ತಡವರಿಸುವುದು ಇಲ್ಲೇ. ಸ್ಟೆತ್ ಇಟ್ಟು ಮರ್ಮರ್, ಅಂದರೆ ಹೃದಯದ ಅಸಹಜ ಸದ್ದು ಹಿಡಿಯುವುದರಲ್ಲಿ, ಹೊಟ್ಟೆ ತಟ್ಟಿ ನೀರು ತುಂಬಿದೆ ಅನ್ನುವುದರಲ್ಲಿ ಅವರೇನೂ ಹಿಂದಿಲ್ಲ. ಆದರೆ ವರದಿ ಮುಗಿದ ಕೂಡಲೇ ಅಟೆಂಡಿಂಗ್ ಕೇಳುತ್ತಾರೆ: 'ಸರಿ, ಇವತ್ತು ಏನು ಮಾಡೋಣ?'

ನಮ್ಮಲ್ಲಿ ಇದನ್ನು ವಿದ್ಯಾರ್ಥಿಗೆ ಯಾರು ಕೇಳುತ್ತಾರೆ ಹೇಳಿ? ಯೂನಿಟ್ ಚೀಫ್ ಹೇಳುತ್ತಾರೆ, ಪಿ.ಜಿ. (ಸ್ನಾತಕೋತ್ತರ) ವಿದ್ಯಾರ್ಥಿ ಬರೆದುಕೊಳ್ಳುತ್ತಾರೆ, ಉಳಿದವರು ಹಿಂದೆ ನಿಂತು ಕತ್ತು ಚಾಚಿ ನೋಡುತ್ತಾರೆ. ಅಲ್ಲಿ ಬಾಯಿ ಬಿಡಲೇಬೇಕು. 'ನೀರು ಇಳಿಸುವ ಔಷಧಿ ಜಾಸ್ತಿ ಮಾಡೋಣ, ಕಿಡ್ನಿ ಹೇಗಿದೆ ಅಂತ ತಿಳಿಯೋಕೆ ನಾಳೆ ಕ್ರಿಯಾಟಿನಿನ್ ಮತ್ತೆ ನೋಡೋಣ.' ತಪ್ಪಿದ್ದರೆ ತಿದ್ದುತ್ತಾರೆ. ಸುಮ್ನೆ ನಿಂತರೆ ಏನೂ ಗೊತ್ತಿಲ್ಲ ಅಂದುಕೊಳ್ಳುತ್ತಾರೆ. ನಮ್ಮ ವಿನಯ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದು ವಿಷಯ. ಮಗನ ಮನೆಗೆ ಬಂದ ಹಾಸನದ ಅಜ್ಜಿಯೊಬ್ಬರು ಎದೆನೋವು ಅಂತ ಅಡ್ಮಿಟ್ ಆದರು ಅಂದುಕೊಳ್ಳಿ. ಕನ್ನಡ ಬರುವ ವಿದ್ಯಾರ್ಥಿನಿ 'ಹೆದರಬೇಡಿ ಅಜ್ಜಿ' ಅನ್ನಬಹುದು. ಆದರೆ ಆಪರೇಷನ್ನಿಗೆ ಒಪ್ಪಿಗೆ ಕೇಳುವ ಮಾತನ್ನು ಅನುವಾದಿಸುವುದು ಆಕೆಯ ಕೆಲಸ ಅಲ್ಲ, ಮಗನ ಕೆಲಸವೂ ಅಲ್ಲ. ಫೋನಿನಲ್ಲೋ ವಿಡಿಯೋದಲ್ಲೋ ತರಬೇತಾದ ದುಭಾಷಿಯನ್ನು ಕರೆಸುತ್ತಾರೆ. ಮನೆಯವರಾದರೆ ಅರ್ಧ ಮುಚ್ಚಿಟ್ಟು ಹೇಳುತ್ತಾರೆ, ಅಲ್ವಾ?

ಇಷ್ಟೆಲ್ಲ ಪಾಡು, ಮುಂದೆ ಅಮೆರಿಕದಲ್ಲಿ ಪಿ.ಜಿ. ತರಬೇತಿಗೆ ಅರ್ಜಿ ಹಾಕುವಾಗ ಬೇಕಾಗುವ ಒಂದು ಶಿಫಾರಸು ಪತ್ರಕ್ಕೂ ಹೌದು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅಮೆರಿಕದಲ್ಲಿ ಡಾಕ್ಟರಿಕೆಯ ಲೈಸೆನ್ಸಿಗೆ ಬರೆಯುವ ಪರೀಕ್ಷೆ ಯು.ಎಸ್.ಎಂ.ಎಲ್.ಇ. 2022ರ ಜನವರಿ ಕೊನೆಯಿಂದ ಅದರ ಮೊದಲ ಹಂತಕ್ಕೆ ಅಂಕ ಕೊಡುವುದಿಲ್ಲ. ಪಾಸು, ಇಲ್ಲವೇ ಫೇಲು. ಹಾಗಾಗಿ ಅಮೆರಿಕದ ಡಾಕ್ಟರು ಬರೆದ ಪತ್ರಕ್ಕೆ ತೂಕ ಜಾಸ್ತಿ. ತಮಾಷೆ ಏನೆಂದರೆ, ಆ ಪತ್ರ ಓದುವ ಹಕ್ಕನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲೇ ಬಿಟ್ಟುಕೊಟ್ಟಿರುತ್ತಾರೆ. ಹೊಗಳಿಕೆ ನಿಜ ಅನ್ನಿಸಬೇಕಲ್ಲ!

ಹೊರಡುವವರು ಇದನ್ನು ಗಮನಿಸಿ. ಓದುವಾಗಲೇ ವಿದ್ಯಾರ್ಥಿಯಾಗಿ ಹೋಗುವ ಇಂಥ ಕೆಲವು ವಾರಗಳ ಕಲಿಕೆಗೆ ಎಲೆಕ್ಟಿವ್ ಅನ್ನುತ್ತಾರೆ; ಅದರಲ್ಲಿ ರೋಗಿಯನ್ನು ಮುಟ್ಟಿ ಪರೀಕ್ಷಿಸಬಹುದು. ಪದವಿ ಕೈಗೆ ಬಂದ ಮೇಲೆ ಹೆಚ್ಚಿನ ಕಡೆ ಸಿಗುವುದು ಅಬ್ಸರ್ವರ್‌ಶಿಪ್, ಅಂದರೆ ಬರೀ ನೋಡುವುದು. ಕೈ ಕಟ್ಟಿ ನಿಂತವರ ಬಗ್ಗೆ ಡಾಕ್ಟರು ಪಾಪ ಏನಂತ ಬರೆಯುತ್ತಾರೆ? ಮಧ್ಯವರ್ತಿಗಳು 'ರೊಟೇಷನ್', ಅಂದರೆ ಆಸ್ಪತ್ರೆಯ ಒಂದು ವಿಭಾಗದಲ್ಲಿ ಕಲಿಯುವ ಸರದಿ, ಅಂತ ಮಾರುವುದರಲ್ಲಿ ಎಷ್ಟೋ ಸಲ ಇರುವುದು ಒಬ್ಬ ಡಾಕ್ಟರ ಖಾಸಗಿ ಕ್ಲಿನಿಕ್. ದುಡ್ಡು ಕಟ್ಟುವ ಮುಂಚೆ ಎರಡು ಮಾತು ಕೇಳಿ: ಅದು ವಿದ್ಯಾರ್ಥಿಗಳಿಗೆ ಕಲಿಸುವ ಆಸ್ಪತ್ರೆಯೇ? ರೋಗಿಯನ್ನು ಮುಟ್ಟಲು ಬಿಡುತ್ತಾರೆಯೇ? ಉತ್ತರ ಬರವಣಿಗೆಯಲ್ಲೇ ಬರಲಿ.

ನಮಸ್ಕಾರ.