ಅರಸ ದೇವರನ್ನು ಬದಲಿಸಿದ, ಬಸುರಿಯರು ತಾಯಿತ ಬದಲಿಸಲಿಲ್ಲ

[ತೆರೆ ಮೇಲೆ: ಬೆರಳುದ್ದದ ನೀಲಿ ಬೊಂಬೆ ನಿಧಾನಕ್ಕೆ ತಿರುಗುತ್ತಿದೆ]

ಈ ಬೊಂಬೆಯನ್ನು ಒಮ್ಮೆ ಸರಿಯಾಗಿ ನೋಡಿ. ಮುಖ ನೀರಾನೆಯದು, ಅದೇ ಹಿಪ್ಪೊ. ಬೆನ್ನು ಮೊಸಳೆಯದು. ಕೈಕಾಲು ಸಿಂಹದ್ದು. ಜೋತುಬಿದ್ದ ಮೊಲೆ, ಮುಂದಕ್ಕೆ ಬಂದ ಬಸುರಿ ಹೊಟ್ಟೆ. ಹಲ್ಲು ತೋರಿಸುತ್ತಾ ಎರಡು ಕಾಲ ಮೇಲೆ ನಿಂತಿದ್ದಾಳೆ. ಹೆಸರು ತವರೆತ್, ಅಂದರೆ ದೊಡ್ಡವಳು. ಹಳೆಯ ಈಜಿಪ್ಟಿನ ಬಸುರಿಯರು ದಾರಕ್ಕೆ ಪೋಣಿಸಿ ಕಟ್ಟಿಕೊಳ್ಳುತ್ತಿದ್ದದ್ದು ಇವಳನ್ನೇ.

ನಮಸ್ಕಾರ. ಇವತ್ತು ಈಜಿಪ್ಟಿನ ದೇವರ ತಾಯಿತಗಳ ಕಥೆ.

ಬಸುರಿಯನ್ನು ಕಾಯೋಕೆ ನೀರಾನೆನೇ ಯಾಕೆ? ನೈಲ್ ನದಿಯ ದಡದಲ್ಲಿ ಬದುಕಿದವರಿಗೆ ಈ ಪ್ರಶ್ನೆ ಬರುತ್ತಿರಲಿಲ್ಲ. ಮರಿ ಜೊತೆಗಿರುವ ಹೆಣ್ಣು ನೀರಾನೆಯ ಹತ್ತಿರ ಹೋದರೆ ದೋಣಿಯೂ ಉಳಿಯಲ್ಲ, ದೋಣಿಯಲ್ಲಿದ್ದವರೂ ಉಳಿಯಲ್ಲ. ಹಾಗಾದರೆ ಅವಳು ನಮ್ಮ ಕಡೆಗಿರಲಿ ಅಂದುಕೊಂಡರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಲೆಕ್ಕ. ಇದರಲ್ಲಿ ಇನ್ನೊಂದು ತಮಾಷೆ ಇದೆ. ಗಂಡು ನೀರಾನೆ ಅಂದರೆ ಅವರಿಗೆ ಕೇಡು, ಅದು ಸೆತ್ ದೇವರ ರೂಪ. ಹೆಣ್ಣು ಮಾತ್ರ ಕಾಯುವವಳು.

ಅವಳ ಜೋಡಿ ಬೆಸ್. ಕುಳ್ಳ, ಡೊಂಕು ಕಾಲು, ಸಿಂಹದ ಕೇಸರದಂಥ ಗಡ್ಡ, ಹೊರಗೆ ಚಾಚಿದ ನಾಲಿಗೆ. ಈಜಿಪ್ಟಿನ ಚಿತ್ರಗಳಲ್ಲಿ ದೇವರುಗಳು ಸಾಮಾನ್ಯವಾಗಿ ಪಕ್ಕಕ್ಕೆ ಮುಖ ಮಾಡಿರುತ್ತಾರೆ. ಬೆಸ್ ಮಾತ್ರ ನೆಟ್ಟಗೆ ನಮ್ಮನ್ನೇ ದಿಟ್ಟಿಸುತ್ತಾನೆ. ಹೆರಿಗೆ, ಹಸುಗೂಸು, ರಾತ್ರಿಯ ಕೆಟ್ಟ ಕನಸು ಎಲ್ಲ ಅವನ ಇಲಾಖೆ.

[ತೆರೆ ಮೇಲೆ: ಅಮರ್ನಾ, ಮರಳಿನ ನಡುವೆ ಮನೆಗಳ ಅಡಿಪಾಯ]

ಈಗ ಅಮರ್ನಾಕ್ಕೆ ಬನ್ನಿ. ಕ್ರಿಸ್ತಪೂರ್ವ 1350ರ ಆಸುಪಾಸು. ಅಖೆನಾತೆನ್ ಎಂಬ ಅರಸ ಸೂರ್ಯನ ಬಿಂಬವಾದ ಆತೆನ್‌ಗೆ ಮಾತ್ರ ಪೂಜೆ ಅಂದ. ದೊಡ್ಡ ದೇವರಾಗಿದ್ದ ಅಮುನ್‌ನ ಹೆಸರನ್ನು ಗುಡಿಗಳ ಗೋಡೆಯಿಂದ ಕೆತ್ತಿ ತೆಗೆಸಿದ. ಆತೆನ್‌ಗಾಗಿ ಹೊಸ ರಾಜಧಾನಿಯನ್ನೇ ಕಟ್ಟಿದ. ಆ ರಾಜಧಾನಿಯೇ ಅಮರ್ನಾ.

ಅದೇ ಊರಿನ ಮನೆಗಳನ್ನು ಅಗೆದಾಗ ಸಿಕ್ಕಿದ್ದೇನು? ತವರೆತ್ ಮತ್ತು ಬೆಸ್ ತಾಯಿತಗಳು. ಕೂಲಿಯವರ ಬೀದಿಯ ಒಂದು ಮನೆಯ ಗೋಡೆಯಲ್ಲಂತೂ ಬೆಸ್‌ಗಳು ಸಾಲಾಗಿ ಕುಣಿಯುತ್ತಿದ್ದಾರೆ, ಜೊತೆಗೆ ತವರೆತ್ ಕೂಡ.

ಅರಸನ ಸಿಟ್ಟೆಲ್ಲ ಅಮುನ್ ಮೇಲೆ ಇತ್ತು, ಈ ಚಿಲ್ಲರೆ ದೇವರುಗಳ ಗೊಡವೆಗೆ ಅವನು ಹೋಗಲಿಲ್ಲ ಅಂತ ಹೇಳಬಹುದು. ಇರಬಹುದು. ಆದರೆ ನನಗೆ ಇನ್ನೊಂದು ಕಾಣುತ್ತದೆ. ಆತೆನ್ ಅಂದರೆ ಆಕಾಶದಲ್ಲಿರುವ ಬೆಳಕಿನ ಬಿಲ್ಲೆ. ನಡುರಾತ್ರಿ ಹೆರಿಗೆ ನೋವು ಶುರುವಾದರೆ ಕೂಗೋದು ಯಾರನ್ನ? ಆ ಹೊತ್ತಿಗೆ ಸೂರ್ಯನೇ ಇರಲ್ಲ ಅಲ್ವಾ!

[ತೆರೆ ಮೇಲೆ: ಅಂಗೈಯಲ್ಲಿ ಮಣ್ಣಿನ ಅಚ್ಚು]

ಈ ತಾಯಿತಗಳು ಬಡವರ ಕೈಗೂ ಸಿಕ್ಕಿದ್ದು ಫಯನ್ಸ್ ಎಂಬ ವಸ್ತುವಿನಿಂದ. ಬೆಣಚುಕಲ್ಲಿನ ಪುಡಿ, ಸ್ವಲ್ಪ ಸುಣ್ಣ, ಗಿಡದ ಬೂದಿ ಅಥವಾ ನೇಟ್ರಾನ್ ಎಂಬ ಉಪ್ಪು, ಬಣ್ಣಕ್ಕೆ ಚೂರು ತಾಮ್ರ. ಇವನ್ನು ಕಲಸಿ ಅಚ್ಚಿಗೆ ಒತ್ತಿ ಒಣಗಿಸುತ್ತಿದ್ದರು. ನಮ್ಮ ಮನೆಯ ಗೋಡೆಯಲ್ಲಿ ತೇವ ಆರುವಾಗ ಬಿಳಿ ಉಪ್ಪು ಹೊರಬರುತ್ತದಲ್ಲ, ಇಲ್ಲೂ ಹಾಗೇ ಉಪ್ಪು ಮೇಲಕ್ಕೆ ಬಂದು ಕೂರುತ್ತದೆ. ಬೆಂಕಿಗಿಟ್ಟರೆ ಅದೇ ಕರಗಿ ಗಾಜಿನ ಹೊಳಪು. ಬೇರೆ ಮೆರುಗು ಹಚ್ಚುವುದೇ ಬೇಡ. ಅವರು ಇದನ್ನು ಕರೆಯುತ್ತಿದ್ದದ್ದೂ ‘ಹೊಳೆಯುವಂಥದ್ದು’ ಅಂತಲೇ.

1891-92ರಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಅಮರ್ನಾದಲ್ಲಿ ಅಗೆದಾಗ ಇಂಥ ಮಣ್ಣಿನ ಅಚ್ಚುಗಳು ಸಾವಿರಾರು ಸಿಕ್ಕವು. ಅಲ್ಲಿ ಅವರ ಕೈಕೆಳಗೆ ಕೆಲಸ ಕಲಿತ 17ರ ಹುಡುಗ ಹೋವರ್ಡ್ ಕಾರ್ಟರ್. 30 ವರ್ಷ ಬಿಟ್ಟು, 1922ರಲ್ಲಿ, ಟುಟಂಖಾಮುನ್‌ನ ಗೋರಿಯನ್ನು ಪತ್ತೆ ಮಾಡಿದ್ದು ಇವರೇ. ಆ ಅರಸನ ಹೆಣಕ್ಕೆ ಸುತ್ತಿದ್ದ ಬಟ್ಟೆಯೊಳಗೆ ಒಡವೆ, ತಾಯಿತ ಎಲ್ಲ ಸೇರಿ 143 ವಸ್ತುಗಳಿದ್ದವು. ಚಿನ್ನದ ಮಾತು ಎಲ್ಲರಿಗೂ ಗೊತ್ತು, ಬಿಡಿ.

ನನಗೆ ಜಾಸ್ತಿ ಇಷ್ಟವಾದದ್ದು ಬೇರೆ. ಟುಟಂಖಾಮುನ್ ಕಾಲವಾಗಿ ಕೆಲವು ಶತಮಾನಗಳ ಮೇಲೆ, ಮಕ್ಕಳಿಗಾಗಿ ಪಪೈರಸ್‌ನ ಕಿರಿದಾದ ಉದ್ದ ಪಟ್ಟಿಯಲ್ಲಿ ದೇವರ ಮಾತು ಬರೆಸಿ, ಬಿಗಿಯಾಗಿ ಸುರುಳಿ ಸುತ್ತಿ, ಕೊಳವೆಯೊಳಗಿಟ್ಟು ಕೊರಳಿಗೆ ಹಾಕುತ್ತಿದ್ದರು. ಅದರಲ್ಲಿ ದೇವರೇ ಮಾತು ಕೊಡುತ್ತಾನೆ. ಹಾವಿನಿಂದ ಕಾಯುತ್ತೇನೆ, ಚೇಳಿನಿಂದ ಕಾಯುತ್ತೇನೆ, ಕೆಟ್ಟ ಕಣ್ಣಿನಿಂದ, ಕುಸಿಯುವ ಗೋಡೆಯಿಂದ. ಬೇರೆ ದೇವರುಗಳ ಸಿಟ್ಟಿನಿಂದಲೂ! ಏನನ್ನೂ ಬಿಟ್ಟಿಲ್ಲ. ಓದಿದರೆ ಪಕ್ಕದಲ್ಲಿ ಕೂತು ‘ಇದನ್ನೂ ಸೇರಿಸಿ, ಅದನ್ನೂ ಸೇರಿಸಿ’ ಅಂತ ಬರೆಸುವ ಅಮ್ಮ ಕಣ್ಣಿಗೆ ಕಟ್ಟುತ್ತಾಳೆ.

[ತೆರೆ ಮೇಲೆ: ಸಿಟಿ ಸ್ಕ್ಯಾನ್, ಎದೆಯ ಮೇಲೆ ಹೊಳೆಯುವ ಚುಕ್ಕೆಗಳು]

ಕೊನೆಗೆ ಒಬ್ಬ ಹುಡುಗ. ವಯಸ್ಸು 14 ಅಥವಾ 15. ತೀರಿಹೋಗಿ ಸುಮಾರು 2,300 ವರ್ಷವಾಗಿದೆ. 1916ರಲ್ಲಿ ದಕ್ಷಿಣ ಈಜಿಪ್ಟಿನ ಎದ್ಫು ಹತ್ತಿರ ಸಿಕ್ಕ ಈ ಮಮ್ಮಿ ಕೈರೋ ಮ್ಯೂಸಿಯಂನ ನೆಲಮಾಳಿಗೆಯಲ್ಲಿ ಸುಮ್ನೆ ಬಿದ್ದಿತ್ತು. ಕೈರೋ ವಿಶ್ವವಿದ್ಯಾಲಯದ ಸಹರ್ ಸಲೀಂ ಅವರ ತಂಡ ಅದನ್ನು ಸ್ಕ್ಯಾನ್ ಮಾಡಿ 2023ರಲ್ಲಿ ವಿವರ ಪ್ರಕಟಿಸಿತು. ಬಟ್ಟೆಯ ಮಡಿಕೆಗಳಲ್ಲಿ ಮತ್ತು ಮೈಯೊಳಗೆ ಒಟ್ಟು 49 ತಾಯಿತಗಳು. ಬಾಯಲ್ಲಿ ಚಿನ್ನದ ನಾಲಿಗೆ, ಆ ಲೋಕದಲ್ಲಿ ಮಾತಾಡಲಿ ಅಂತ. ಎದೆಗೂಡಿನಲ್ಲಿ ಚಿನ್ನದ ಜೀರುಂಡೆ. ಸತ್ತ ಮೇಲೆ ದೇವರ ಮುಂದೆ ನಡೆಯುವ ವಿಚಾರಣೆಯ ಹೊತ್ತಿಗೆ ಹುಡುಗನ ಹೃದಯವೇ ಅವನ ವಿರುದ್ಧ ಸಾಕ್ಷಿ ಹೇಳಬಾರದು, ಅದಕ್ಕೆ ಆ ಜೀರುಂಡೆ. ಕಾಲಿಗೆ ಚಪ್ಪಲಿ, ನಡೆದುಕೊಂಡು ಹೋಗಲಿಕ್ಕೆ.

ಜೀರುಂಡೆ ಹೇಗಿದೆ ಅಂತ ನೋಡಲು ಅದರ ತ್ರೀಡಿ ಪ್ರಿಂಟ್ ಮಾಡಿಕೊಂಡರು. ಹುಡುಗನ ಬಟ್ಟೆ ಬಿಚ್ಚಲಿಲ್ಲ. ಕಟ್ಟಿದವರು ಇಟ್ಟ ಜಾಗದಲ್ಲೇ ಆ 49 ಇನ್ನೂ ಇವೆ.