ದುಡ್ಡಿದ್ದರೂ ರಸ್ತೆ ನಿಲ್ಲುವುದೇಕೆ? ಅಮೆರಿಕದ ‘ಕನ್‌ಫಾರ್ಮಿಟಿ’ ನಿಯಮ

[ತೆರೆಯ ಮೇಲೆ: ಅಟ್ಲಾಂಟಾದ ನಕ್ಷೆ]

1998ರ ಜನವರಿ. ಅಟ್ಲಾಂಟಾದ ಬಳಿ ರಸ್ತೆಗೆ ದುಡ್ಡಿತ್ತು, ನಕ್ಷೆಯೂ ಇತ್ತು. ಹೊಗೆಯ ಲೆಕ್ಕ ಮಾತ್ರ ಹೊಂದಲಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿನ ಸಾರಿಗೆ ಯೋಜನೆಗೆ ಮಂಜೂರಾತಿ ಸಿಗಲಿಲ್ಲ.

ಸಾರಿಗೆ ಯೋಜನೆ ರಾಜ್ಯದ ಗಾಳಿ ಶುದ್ಧಿಯ ಯೋಜನೆಗೆ ಹೊಂದಬೇಕೆಂಬ ನಿಯಮವೇ ‘ಕನ್‌ಫಾರ್ಮಿಟಿ’. ಅದಕ್ಕೆ ಬಿಗಿ ರೂಪ ಕೊಟ್ಟದ್ದು 1990ರ ಕ್ಲೀನ್ ಏರ್ ಆಕ್ಟ್ (ಶುದ್ಧ ಗಾಳಿ ಕಾಯ್ದೆ) ತಿದ್ದುಪಡಿ. ಗಾಳಿ ಕೆಟ್ಟ ಪ್ರದೇಶಗಳಿಗೆ ರಾಜ್ಯವು ವಾಹನಗಳ ಹೊಗೆಗೆ ಒಂದು ಬಜೆಟ್ ಕಟ್ಟುತ್ತದೆ, ದಿನಕ್ಕೆ ಇಷ್ಟು ಟನ್ ಅಂತ. ಸಾರಿಗೆ ಯೋಜನೆ ರೂಪಿಸುವ ಪ್ರಾದೇಶಿಕ ಸಂಸ್ಥೆಯಾದ ಎಂಪಿಒ ಕನಿಷ್ಠ 20 ವರ್ಷಗಳ ಯೋಜನೆ ಬರೆಯುವಾಗ ಆ ಮಿತಿಯೊಳಗೇ ಇರಬೇಕು. 4 ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ.

[ತೆರೆಯ ಮೇಲೆ: ರಸ್ತೆಜಾಲ, ಬಣ್ಣದಲ್ಲಿ ವೇಗ]

ಲೆಕ್ಕ ಹೀಗೆ. ಮುಂದಿನ ವರ್ಷಗಳ ಜನಸಂಖ್ಯೆ, ಉದ್ಯೋಗ ಅಂದಾಜಿಸಿ, ಯಾವ ರಸ್ತೆಯಲ್ಲಿ ಎಷ್ಟು ವಾಹನ, ಎಷ್ಟು ವೇಗ ಎಂದು ಟ್ರಾಫಿಕ್ ಮಾಡೆಲ್‌ನಿಂದ ತೆಗೆಯುತ್ತಾರೆ. ಅದನ್ನು ಹೊಗೆಯ ಪ್ರಮಾಣ ಅಂದಾಜಿಸುವ ಮೂವ್ಸ್ ಎಂಬ ತಂತ್ರಾಂಶಕ್ಕೆ ಹಾಕುತ್ತಾರೆ, ಕ್ಯಾಲಿಫೋರ್ನಿಯಾದಲ್ಲಿ ಇಎಮ್‌ಫ್ಯಾಕ್. ಜೊತೆಗೆ ವಾಹನಗಳ ವಯಸ್ಸು, ಇಂಧನ, ತಾಪಮಾನ. ನೆಲಮಟ್ಟದ ಓಝೋನ್ ಮಾಲಿನ್ಯಕ್ಕಾದರೆ ಅದನ್ನು ಹುಟ್ಟಿಸುವ ನೈಟ್ರೋಜನ್ ಆಕ್ಸೈಡ್ ಮತ್ತು ಆವಿಯಾಗುವ ಸಾವಯವ ವಸ್ತುಗಳನ್ನು ಬೇರೆಬೇರೆಯಾಗಿ ನೋಡುತ್ತಾರೆ. ಒಂದು ಮಿತಿಯೊಳಗಿದ್ದು ಇನ್ನೊಂದು ಮೀರಿದರೂ ಫೇಲ್. ಹೊಗೆಯನ್ನು ಪ್ರತಿ ವರ್ಷಕ್ಕಲ್ಲ, ಆಯ್ದ ಕೆಲವು ‘ಲೆಕ್ಕದ ವರ್ಷ’ಗಳಿಗೆ ಅಂದಾಜಿಸುತ್ತಾರೆ; ಅವುಗಳ ನಡುವೆ 10 ವರ್ಷಕ್ಕಿಂತ ಹೆಚ್ಚು ಅಂತರವಿರುವಂತಿಲ್ಲ.

ಎಡವುವುದು ಎಲ್ಲಿ? ನಮ್ಮ ದೃಷ್ಟಿಯಲ್ಲಿ ಬಹಳ ಮಂದಿ ಗಮನಿಸದ ಜಾಗ ವಾಹನಗಳ ವಯಸ್ಸು. ಬಜೆಟ್ ಕಟ್ಟಿದ್ದು ಹಳೆಯ ನೋಂದಣಿ ಪಟ್ಟಿಯಿಂದ. ಪರೀಕ್ಷೆಗೆ ಇತ್ತೀಚಿನ ಮಾಹಿತಿಯೇ ಬೇಕು. ಅಷ್ಟರಲ್ಲಿ ಜನ ಹಳೆಯ ಕಾರುಗಳನ್ನೇ ಇಟ್ಟುಕೊಂಡಿದ್ದರೆ, ಹೊಸದಾಗಿ ಒಂದು ಗೇಣು ರಸ್ತೆ ಹಾಕದಿದ್ದರೂ ಟನ್ ಏರುತ್ತದೆ. ಆಗ ಬಜೆಟನ್ನೇ ತಿದ್ದಬೇಕು, ಅದು ತಿಂಗಳೊಪ್ಪತ್ತಿನ ಕೆಲಸವಲ್ಲ. ಆದ್ದರಿಂದ ಗಾಳಿ ಇಲಾಖೆಯವರೂ ಸಾರಿಗೆಯವರೂ ಮಾಡೆಲ್ ಓಡಿಸುವ ಮೊದಲೇ ಒಟ್ಟಿಗೆ ಕೂತು ಅಂಕಿಅಂಶ ಒಪ್ಪಿಕೊಳ್ಳಲೇಬೇಕು.

ಇನ್ನೊಂದು: 2035ಕ್ಕೆಂದಿದ್ದ ದೊಡ್ಡ ಹೆದ್ದಾರಿಯನ್ನು 2029ಕ್ಕೆ ಎಳೆದರೆ, ನಡುವೆ ಲೆಕ್ಕದ ವರ್ಷ ಬಿದ್ದಿದ್ದರೆ ಇಡೀ ಪ್ರದೇಶದ ಲೆಕ್ಕ ಮತ್ತೆ ಮಾಡಬೇಕು.

[ತೆರೆಯ ಮೇಲೆ: ಅರ್ಧಕ್ಕೆ ನಿಂತ ಕಾಮಗಾರಿ]

4 ವರ್ಷದ ಗಡುವು ತಪ್ಪಿದರೆ 12 ತಿಂಗಳ ಹೆಚ್ಚುವರಿ ಅವಕಾಶ. ಅದೂ ಮುಗಿದರೆ ಹೊಸ ಯೋಜನೆಗಳಿಗೆ ಒಪ್ಪಿಗೆ ನಿಲ್ಲುತ್ತದೆ; ಸುರಕ್ಷತಾ ಕೆಲಸ, ಡಾಂಬರು ಮರುಹಾಸು, ಹಳೆ ಬಸ್ ಬದಲಿಗೆ ಹೊಸ ಬಸ್ ಇಂಥವಕ್ಕೆ ಮಾತ್ರ ತಡೆಯಿಲ್ಲ. ಮೊದಲು, ಪರಿಸರ ಪರಿಶೀಲನೆ ದಾಟಿದ ಯೋಜನೆಗಳೂ ನುಸುಳುತ್ತಿದ್ದವು. 1999ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಆ ಬಾಗಿಲು ಮುಚ್ಚಿತು. ಈಗ ಜಾಗ ಕೊಳ್ಳಲು ಒಪ್ಪಿಗೆ ಸಿಕ್ಕಿದ್ದರೂ, ಕಾಮಗಾರಿಗೆ ಪ್ರತ್ಯೇಕ ಒಪ್ಪಿಗೆ ಆಗಿಲ್ಲದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.